ಬೋರಲು ಹಾಕಿದ ಮೊರಗಳು

ಆಳುಗಳ ಲೈನು ಮನೆಗಳ ಹಿಂಗೋಡೆಗೆ ಚೆಂಡು ಬಡಿಯುತ್ತಿತ್ತು. ದಪ್. ಒಂದು ಉಸಿರಿನಷ್ಟು ಬಿಡುವು. ಮತ್ತೆ ದಪ್. ಗೋಡೆಯ ಈಚೆ, ಒಲೆಯ ಮುಂದೆ ಕೂತಿದ್ದ ಚಿಕ್ಕಬೀರಮ್ಮ ಪ್ರತಿ ಸದ್ದಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದಳು.

ಆ ಸದ್ದು ಅವಳಿಗೆ ಹೊಸದೇನಲ್ಲ. ಪಕ್ಕದ ಮನೆಯ ಮಂಚಯ್ಯ ಭಾನುವಾರ ಬೆಳಗಾದರೆ ಅದೇ ಗೋಡೆಗೆ ಚೆಂಡು ಒದ್ದು, ತಿರುಗಿ ಬಂದದ್ದನ್ನು ಎದೆಗೆ ಅವಚಿಕೊಳ್ಳುತ್ತಿದ್ದ. ಹುಣಸೂರಿನ ಕಾಫಿ ವರ್ಕ್ಸಿನಲ್ಲಿ ಮೂಟೆ ಹೊರುವ ಆಳು ಅವನು. ವರ್ಕ್ಸಿನ ಫುಟ್‌ಬಾಲ್ ತಂಡಕ್ಕೆ ಗೋಲು ಕಾಯುವ ಗೋಲಿಯೂ ಹೌದು. ಕೃಷ್ಣರಾಜನಗರದವರ ಮೇಲಿನ ಆಟದಲ್ಲಿ ಎದುರಾಳಿಯ ಬೂಟು ಅವನ ಮೊಣಕಾಲು ಒಡೆದಿತ್ತು. ಅಂದಿನಿಂದ ಅವನು ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿದ್ದ. ಈಗ ಗೋಡೆಗೆ ಒದೆಯುತ್ತಿದ್ದವನು ಅವನ ಬದಲಿಗೆ ಮೈಸೂರಿನಿಂದ ಕರೆಸಿದ ಹೊಸ ಗೋಲಿ.

ಗೋಲಿಯ ಜಾಗದ ಜೊತೆಗೆ ಮಂಚಯ್ಯನ ಕೆಲಸವೂ ಅವನಿಗೇ, ಮಂಚಯ್ಯನ ಲೈನು ಮನೆಯೂ ಅವನಿಗೇ. ಮೂಟೆ ಹೊರಲಾಗದವನಿಗೆ ವರ್ಕ್ಸಿನಲ್ಲಿ ಕೆಲಸವಿಲ್ಲ, ಸೋಮವಾರ ಬೆಳಗ್ಗೆ ಮನೆ ಬಿಡಬೇಕು ಎಂದು ಮೇಸ್ತ್ರಿ ಲಿಂಗಣ್ಣ ಬಾಗಿಲಲ್ಲೇ ನಿಂತು ಹೇಳಿಹೋಗಿದ್ದ.

ಮಂಚಯ್ಯನ ಹೆಂಡತಿ ಕೆಂಪಾಜಮ್ಮ ಹೊಟ್ಟೆ ಹಿಡಿದುಕೊಂಡು ಬಂದು ಚಿಕ್ಕಬೀರಮ್ಮನ ಹೊಸ್ತಿಲ ಮೇಲೆ ಕೂತಳು. ದಿನ ತುಂಬಿತ್ತು ಅವಳಿಗೆ.

“ಬೀರಕ್ಕಾ, ಆ ಒದೆ ಗ್ವಾಡೆಗ್ ಬೀಳ್ತಾ ಇಲ್ಲ ಕಣಕ್ಕಾ. ನನ್ ಒಟ್ಟೆಗೇ ಬೀಳ್ತಾ ಅದೆ.”

“ಸುಮ್ಕಿರು. ತುಂಬಿದ್ ಬಸ್ರಿ, ಅಂಗೆಲ್ಲ ಆಡ್ಬಾರ್ದು.”

“ನಾಳೀಕೆ ನಾನ್ ಎಲ್ಲಿಗ್ ಓಗ್ಲಿ? ಅವ್ರು ಆಸ್ಪತ್ರೇಲಿ. ನಮ್ಮವ್ವ ಕಣ್ ಮುಚ್ಕಂಡು ವರ್ಸಾಯ್ತು.”

“ಇವತ್ತು ಇನ್ನೂ ಅದ್ಯಲ್ಲ, ಬುಡು,” ಎಂದಳು ಚಿಕ್ಕಬೀರಮ್ಮ. ಹೇಳಿದಳೇ ಹೊರತು, ಇವತ್ತಿನಲ್ಲಿ ಏನಿದೆಯೆಂದು ಅವಳಿಗೂ ತಿಳಿಯದು. ಉರಿಯುತ್ತಿದ್ದ ಕೊಳ್ಳಿಯನ್ನು ಸುಮ್ಮನೆ ಹಿಂದಕ್ಕೆಳೆದು ಮತ್ತೆ ಒಳಕ್ಕೆ ನೂಕಿದಳು.

ಅವಳು ಗುರುಪುರದ ಕಡೆಯ ಹೆಣ್ಣು. ಗಂಡ ಕೊಡಗಿನಿಂದ ಕಾಫಿ ಮೂಟೆ ತರುವ ಗಾಡಿ ಹೊಡೆಯುತ್ತಿದ್ದ. ಒಂದು ಮಳೆಗಾಲ ಕಾಡಿನ ಚಳಿಜ್ವರ ಅವನನ್ನು ದಾರಿಯಲ್ಲೇ ಕೆಡವಿತು. ಎತ್ತುಗಳನ್ನು ಮಾರಿ ಅವಳು ವರ್ಕ್ಸಿಗೆ ಬಂದಳು. ಅಲ್ಲಿ ಹೆಂಗಸರದೇ ಒಂದು ಷೆಡ್ಡು. ಬೆಳಗಿನಿಂದ ಸಂಜೆಯವರೆಗೆ ಮೊರದಲ್ಲಿ ಕಾಫಿ ಬೀಜ ಕೇರುವುದು, ಕಪ್ಪು ಬೀಜ ಹೆಕ್ಕುವುದು. ಗಂಡಾಳುಗಳು ಒಳಗೆ ಕಾಲಿಡುವಂತಿರಲಿಲ್ಲ. ಸಂಜೆಯ ಶಿಳ್ಳೆ ಕೂಗಿದ ಕೂಡಲೇ ಎಲ್ಲರೂ ಮೊರಗಳನ್ನು ತಮ್ಮ ಮುಂದೆ ಬೋರಲು ಹಾಕಿ ಕೈಕಟ್ಟಿ ನಿಲ್ಲಬೇಕು. ಮೊರದಲ್ಲಿ ಬೀಜ ಉಳಿದಿಲ್ಲ, ಮಡಿಲಿಗೆ ಸೇರಿಲ್ಲ ಎಂದು ಮೇಸ್ತ್ರಿ ಸಾಲುದ್ದಕ್ಕೂ ನೋಡಿಕೊಂಡು ಬಂದ ಮೇಲೆ ಬಾಗಿಲು ತೆರೆಯುತ್ತಿತ್ತು. ಬೋರಲು ಮೊರವೆಂದರೆ ಆ ಷೆಡ್ಡಿನಲ್ಲಿ ಒಂದೇ ಅರ್ಥ: ಕೆಲಸ ನಿಂತಿದೆ.

ಅವಳಿಗೆ ಫುಟ್‌ಬಾಲು ನೋಡುವ ಗೀಳು ಹತ್ತಿದ್ದೂ ಮೊರದಿಂದಲೇ. ಸಂತೆಯಲ್ಲಿ ಹೊಸ ಮೊರ ಕೊಂಡು ಮಾಳ ದಾಟಿ ಬರುತ್ತಿದ್ದಾಗ ಎಲ್ಲಿಂದಲೋ ಹಾರಿದ ಚೆಂಡು ಸೀದಾ ಅದರೊಳಗೆ ಬಿತ್ತು. ಓಡಿಬಂದ ಮಂಚಯ್ಯ, “ಅಕ್ಕಾ, ಕೊಡ್ರಕ್ಕಾ, ಕೇರ್‌ಗೀರ್ ಬುಟ್ಟೀರಿ!” ಎಂದ. ಗಂಡ ಹೋದಮೇಲೆ ಅವಳು ಬಾಯಿತುಂಬ ನಕ್ಕದ್ದು ಅವತ್ತು. ನಿಂತು ಆಟ ನೋಡಿದಳು. ಮುಂದಿನ ಭಾನುವಾರ ಷೆಡ್ಡಿನ ಚಾಮುಂಡಮ್ಮನನ್ನು ಕರೆತಂದಳು. ಅದರ ಮುಂದಿನ ವಾರ ಇನ್ನಷ್ಟು ಜನ. ಪಿರಿಯಾಪಟ್ಟಣದವರ ಮೇಲೆ ವರ್ಕ್ಸಿನವರು ಗೋಲು ಹೊಡೆದಾಗ ಚಾಮುಂಡಮ್ಮ ಮೈಮರೆತು, ಸಂತೆಯಲ್ಲಿ ಕೊಂಡು ತಂದಿದ್ದ ಮೊರದ ಬೆನ್ನಿಗೆ ಪಟಪಟ ಬಡಿದಳು.

“ಏಯ್, ಮೊರ ಬಡುದ್ರೆ ದರಿದ್ರ ಕಣಮ್ಮಾ!” ಎಂದ ಪಕ್ಕದಲ್ಲಿದ್ದ ಮುದುಕ.

“ಬಡ್ದಿರಾದು ಪಿರಿಯಾಪಟ್ಣದೋರ್ ಕಡೀಕ್ ತಿರುಗ್ಸಿ ಕಣ್ ತಾತ, ದರಿದ್ರ ಅತ್ಲಾಗೇ ಓಯ್ತದೆ,” ಎಂದಳು ಚಾಮುಂಡಮ್ಮ.

ಅಲ್ಲಿಂದ ಊರು ಅವರನ್ನು ಮೊರದವರು ಎಂದು ಕರೆಯಿತು. ಒಣ ಬಿದಿರಿನ ಮೇಲೆ ಅಂಗೈಗಳು ಬೀಳುವ ಆ ಸದ್ದು ಲಕ್ಷ್ಮಣತೀರ್ಥದ ಸೇತುವೆಯವರೆಗೂ ಕೇಳುತ್ತಿತ್ತಂತೆ. ಆಟ ಮುಗಿದ ಮೇಲೆ ಅದೇ ಮೊರಗಳಲ್ಲೊಂದು ಜನರ ನಡುವೆ ಸಾಗುತ್ತಿತ್ತು. ಹೆಂಗಸರು ಮಡಿಲಿನಿಂದ ಒಂದೊಂದು ಹಿಡಿ ರಾಗಿ ಹಾಕುತ್ತಿದ್ದರು. ಗಂಡಸರೂ ಮೆಲ್ಲಗೆ ಟವಲಿನ ತುದಿಯಲ್ಲಿ ರಾಗಿ ಗಂಟು ಹಾಕಿಕೊಂಡು ಬರುವುದನ್ನು ಕಲಿತರು. ಆ ವಾರ ಕಾಯಿಲೆ ಬಿದ್ದವರ ಮನೆಗೋ ಬಾಣಂತಿಯ ಮನೆಗೋ ಆ ರಾಗಿ ಹೋಗುತ್ತಿತ್ತು. ಗೆದ್ದರೂ ಸರಿ, ಸೋತರೂ ಸರಿ. ಈಚೆಗೆ ಅದು ಕೆಂಪಾಜಮ್ಮನ ಮನೆಗೇ ಹೋಗುತ್ತಿತ್ತು. ಆದರೆ ಮನೆಯೇ ಇಲ್ಲವೆಂದ ಮೇಲೆ ರಾಗಿ ಬೀಸುವುದು ಎಲ್ಲಿ?

ಮಂಚ ನಮ್ಮ ತಂಡದವನು, ಅವನ ಮನೆ ಬಿಡಿಸಬೇಡಿ ಎಂದು ಹಿಂದಿನ ದಿನ ಚಿಕ್ಕಬೀರಮ್ಮ ಮೇಸ್ತ್ರಿಯನ್ನು ಕೇಳಿಯೂ ಇದ್ದಳು. ಲಿಂಗಣ್ಣ ಎಲೆಅಡಿಕೆ ಉಗಿದು ಹೇಳಿದ್ದ: “ಚೆಂಡು ಸಾವ್ಕಾರ್ರುದು, ಬೂಟು ಸಾವ್ಕಾರ್ರುದು. ನೀವ್ ಕೊಡಾದ್ ಏನಮ್ಮ? ಬರೀ ಸದ್ದು.”

ಮಧ್ಯಾಹ್ನ ಲೈನಿನ ಬಾವಿಯ ಬಳಿ ಮೊರದವರು ಸೇರಿದಾಗ ಆ ಮಾತು ಅವಳ ಬಾಯಿಂದ ತಾನಾಗಿ ಹೊರಬಂತು.

“ನಮ್ದು ಬರೀ ಸದ್ದಂತೆ ಕಣ್ರೇ. ಅದ್ನ ಇವತ್ ಕೊಡಾದ್ ಬ್ಯಾಡ. ಆಟ ನೋಡಕ್ಕೆ ಅಮಲ್ದಾರ್ರು ಬತ್ತಾವ್ರೆ. ಅವ್ರೆದುರ್ಗೆ ಮೊರ ಬೋರ್ಲಾಕಿ ಸುಮ್ಕೆ ಕುಂತ್ಕಳಾವ. ಯಾಕೆ ಅಂತ ಸಾವ್ಕಾರ್ರೇ ಬಂದು ಕೇಳ್ಬೇಕು.”

“ನಾಳೆ ಷೆಡ್ಡಿನ್ ಬಾಗ್ಲೇ ತೆಗೀದಿದ್ರೆ?” ಎಂದಳು ಸುಂದ್ರಮ್ಮ, ಎಲ್ಲರಿಗಿಂತ ಚಿಕ್ಕವಳು.

“ತೆಗೀದಿದ್ರೆ ಕಪ್ ಬೀಜ ಎಲ್ಲಾನೂವೆ ಮೇಸ್ತ್ರೀನೇ ಉರ್ಕಂಡ್ ಕುಡೀಲಿ,” ಎಂದಳು ಚಾಮುಂಡಮ್ಮ.

ಬಾವಿಯ ರಾಟೆ ಒಂದು ಸಲ ಕಿರುಗುಟ್ಟಿ ನಿಂತಿತು. ಸುಂದ್ರಮ್ಮ ತುಂಬಿದ ಕೊಡ ಅಲ್ಲೇ ಬಿಟ್ಟು ಮನೆಗೆ ಹೋಗಿ ಮೊರ ತಂದಳು.

ಆಟದ ಮಾಳದ ಸುತ್ತ ಅವತ್ತು ಕಾಲಿಡಲು ಜಾಗವಿರಲಿಲ್ಲ. ಪಿರಿಯಾಪಟ್ಟಣದವರು ಲಾರಿಯಲ್ಲಿ ತಮಟೆ ತಂದಿದ್ದರು. ಹೊಂಗೆಮರದ ಕೆಳಗೆ ಕುರ್ಚಿಗಳು. ನಡುವೆ ಅಮಲ್ದಾರರು, ಪಕ್ಕದಲ್ಲಿ ವರ್ಕ್ಸಿನ ಸಾಹುಕಾರ ಮಹದೇವಪ್ಪ, ಬಿಳಿ ಕೋಟು, ಜರಿಪೇಟ. “ನಮ್ಮೂರ ಮೊರದ ಸದ್ದು ಕೇಳಬೇಕು ಸ್ವಾಮಿ ತಾವು,” ಎಂದು ಸಾಹುಕಾರರು ನಗುತ್ತ ಹೇಳುತ್ತಿದ್ದರು.

ಎದುರು ಬದಿಯಲ್ಲಿ ಹೆಂಗಸರು ಸಾಲಾಗಿ ಕೂತರು. ಚಿಕ್ಕಬೀರಮ್ಮ ತನ್ನ ಮೊರ ಮಗುಚಿದಳು. ಚಾಮುಂಡಮ್ಮ ಮಗುಚಿದಳು. ಸಾಲು ಮುಗಿಯುವವರೆಗೆ ಮೊರಗಳು ಒಂದೊಂದಾಗಿ ಬೆನ್ನು ಮೇಲೆ ಮಾಡಿ ಮಣ್ಣಿಗೆ ಮುಖ ಕೊಟ್ಟವು.

ಸೀಟಿ ಕೂಗಿತು. ತಮಟೆಯ ಅಬ್ಬರಕ್ಕೆ ಎದುರಾಗಿ ಈ ಕಡೆಯಿಂದ ಉಸಿರೂ ಇಲ್ಲ. ಹೊಂಗೆಯ ಕೆಳಗೆ ಮೇಸ್ತ್ರಿ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಬಗ್ಗಿ ಸಾಹುಕಾರರ ಕಿವಿಯಲ್ಲಿ ಏನೋ ಹೇಳಿದ. ಸಾಹುಕಾರರ ಮುಖದ ನಗು ಅಲ್ಲೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. ಅವರಿಗೆ ತಿಳಿಯಿತು, ಎಂದುಕೊಂಡಳು ಚಿಕ್ಕಬೀರಮ್ಮ.

ಆಗ ತಂಡದ ನಾಯಕ ಚೆಲುವಯ್ಯನಿಗೆ ಚೆಂಡು ಸಿಕ್ಕಿತು. ಇಬ್ಬರನ್ನು ತಪ್ಪಿಸಿ ಹೆಂಗಸರ ಬದಿಯ ಅಂಚಿನಲ್ಲೇ ಮುನ್ನುಗ್ಗಿದ. ಮುಂದೆ ಗೋಲು ಬಯಲಾಗಿತ್ತು. ಒದೆಯುವ ಮೊದಲು ಅಭ್ಯಾಸಬಲದಿಂದ ಮೊರಗಳ ಕಡೆ ಒಮ್ಮೆ ನೋಡಿದ.

ನಿಂತುಬಿಟ್ಟ.

ಚೆಂಡು ತಾನೇ ಉರುಳಿ ಗೆರೆ ದಾಟಿತು. ಚೆಲುವಯ್ಯ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಅವನ ಊರಿನಲ್ಲಿ ಹೆಣ ಎತ್ತಿದ ಮನೆಯ ಹೊಸ್ತಿಲ ಮುಂದೆ ಮೊರ ಬೋರಲು ಹಾಕುತ್ತಿದ್ದರು. ತಂಡದ ಬಹುಪಾಲು ಹುಡುಗರ ಊರಿನಲ್ಲೂ ಹಾಗೆಯೇ. ಹೆಂಗಸರಿಗೂ ಅದು ಗೊತ್ತಿಲ್ಲದ್ದಲ್ಲ. ಆದರೆ ದಿನವೂ ಸಂಜೆ ಮಗುಚಿ ಮಗುಚಿ ಅವರ ಕೈಗಳಿಗೆ ಅದು ಮರೆತೇಹೋಗಿತ್ತು.

“ಬೀರಕ್ಕಾ!” ಚೆಲುವಯ್ಯ ಚೀರಿದ. “ಮಂಚ ಓಗ್ಬುಟ್ನೇನಕ್ಕಾ?”

ತಮಟೆ ನಿಂತಿತು. ಆಟಗಾರರು ಇದ್ದಲ್ಲೇ ಕುಕ್ಕರಿಸಿದರು. ಒಬ್ಬ ಬೂಟು ಬಿಚ್ಚತೊಡಗಿದ. ಜನರ ನಡುವೆ ಆ ಮಾತು ಒಣಹುಲ್ಲಿನಲ್ಲಿ ಬೆಂಕಿ ಹರಿದಂತೆ ಹರಿಯಿತು: ಮಂಚ ಹೋದನಂತೆ, ಗೋಲಿ ಮಂಚ ಹೋದನಂತೆ.

ಚಿಕ್ಕಬೀರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ತನ್ನ ಮುಂದಿನ ಮೊರವನ್ನು ನೋಡಿದಳು. ಎದ್ದವಳೇ, ಯಾವ ಹೆಂಗಸೂ ಅದುವರೆಗೆ ದಾಟದ ಸುಣ್ಣದ ಗೆರೆಯನ್ನು ದಾಟಿ ಮೈದಾನಕ್ಕೆ ನುಗ್ಗಿದಳು.

“ಇಲ್ಲ ಕಣೋ ಚೆಲುವಾ! ಬದುಕವ್ನೆ! ಗುಂಡ್‌ಕಲ್ಲಂಗವ್ನೆ! ನಿನ್ನೆ ಇನ್ನೂವೆ ಆಸ್ಪತ್ರೆಯಿಂದ ಬೀಡಿ ಕೇಳಿ ಕಳಿಸವ್ನೆ!”

“ಮತ್ ಮೊರ?”

“ಕೆಲ್ಸ ನಿಂತ್ರೆ ನಾವ್ ಅಂಗೇ ಆಕಾದು ಕಣಪ್ಪಾ. ನಿಮ್ಗೆ ಗೊತ್ತಿಲ್ಲ ಅನ್ನಾದು ನನ್ ತಲೇಗ್ ಒಳೀಲಿಲ್ಲ.”

ಚೆಲುವಯ್ಯ ಅವಳ ತೋಳು ಹಿಡಿದು ಹಾಗೇ ನಿಂತ. ಅಷ್ಟರಲ್ಲಿ ಸಾಹುಕಾರರು ಬಂದರು, ಹಿಂದೆ ಮೇಸ್ತ್ರಿ.

“ಏನಮ್ಮ ಇದು? ದೊಡ್ಡೋರ ಮುಂದೆ ನನ್ನ ಮಾನ ಕಳೀಬೇಕು ಅಂತಾನಾ?”

“ಅಲ್ಲ ಬುದ್ಧಿ. ನಾವ್ ಬಾಯಿ ಬುಟ್ ಕೇಳ್ದೊ, ಕೇಳುಸ್ಲಿಲ್ಲ. ಅದಕ್ಕೆ ಸುಮ್ಕೆ ಕುಂತ್ಕಂಡೊ.” ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. “ಮಂಚ ನಿಮ್ ಆಟದಲ್ಲೇ ಕಾಲ್ ಮುರ್ಕಂಡ. ನಾಳೀಕೆ ಅವ್ನ್ ಎಂಡ್ತಿ ಬೀದೀಲಿ ಎರ್ಬೇಕಾ?”

“ಆಟದ ವಿಚಾರ ಹೆಂಗಸ್ರಿಗ್ ಯಾಕೆ?” ಎಂದ ಮೇಸ್ತ್ರಿ. “ನಡೀಯಮ್ಮ ಆಚೆ.”

ಹೊಸ ಗೋಲಿ ಗೋಲಿನ ಕಡೆಯಿಂದ ನಡೆದು ಬಂದಿದ್ದ. ಸಪೂರ ಹುಡುಗ, ತುಟಿ ಒಣಗಿತ್ತು. “ಸಾರ್, ನನಗೆ ಸೋಮವಾರ ಖಾಲಿ ರೂಮು ಕೊಡ್ತೀವಿ ಅಂದ್ರಿ. ಒಳಗೆ ಬಸುರಿ ಹೆಂಗಸು ಇದಾರೆ ಅಂತ ಹೇಳಲಿಲ್ಲ. ನನಗೆ ಆ ರೂಮು ಬೇಡ.”

ಚೆಲುವಯ್ಯ ಚೆಂಡನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡ. “ನಂಗೂ ಎಂಡ್ರು ಮಕ್ಳವ್ರೆ ಬುದ್ಧಿ. ನಾಳೆ ನನ್ ಕಾಲ್ ಮುರುದ್ರೆ ನಂಗೂ ಇದೇ ತಾನೆ? ಒಂದ್ ಮಾತ್ ಯೋಳ್ಬುಡಿ. ಆಮ್ಯಾಕ್ ಆಡ್ತೀವಿ.”

ಹೊಂಗೆಯ ಕೆಳಗೆ ಅಮಲ್ದಾರರು ಕುರ್ಚಿಯಿಂದೆದ್ದು ಈ ಕಡೆಗೇ ನೋಡುತ್ತಿದ್ದರು. ಸಾಹುಕಾರರು ಪೇಟ ಸರಿಮಾಡಿಕೊಂಡರು. ಯಾರ ಮುಖವನ್ನೂ ನೋಡದೆ, ನೆಲಕ್ಕೆ ಹೇಳಿದಂತೆ ಹೇಳಿದರು.

“ಗೇಟಿನಲ್ಲಿ ಕೂರೋದಕ್ಕೆ ಒಬ್ಬ ಬೇಕು. ಮೂಟೆ ಹೊರೋದೇನಿಲ್ಲ. ಮಂಚನೇ ಬಂದು ಕೂರಲಿ. ಮನೆ ಅವನಿಗೇ ಇರಲಿ.”

“ಅವ್ರ್ಗೂ ಕೇಳಂಗೆ ಯೋಳಿ ಬುದ್ಧಿ,” ಎಂದಳು ಚಿಕ್ಕಬೀರಮ್ಮ, ಜನರ ಕಡೆ ಕೈ ತೋರಿಸಿ.

ಸಾಹುಕಾರರು ಅವಳನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ತಿರುಗಿ, ಗಟ್ಟಿಯಾಗಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿತು. ಸೀಟಿ ಕೂಗಿತು. ಹುಡುಗರು ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದರು.

ಸಾಹುಕಾರರು ಮಾತ್ರ ಕದಲಲಿಲ್ಲ.

“ನಿನ್ನ ಹೆಸರೇನಮ್ಮ?”

“ಚಿಕ್ಕಬೀರಮ್ಮ.”

“ನಾಳೆ ಷೆಡ್ಡಿಗೆ ಹೋಗೋಕೆ ಮುಂಚೆ ನನ್ನ ಹತ್ರ ಬಾ. ಇವತ್ತಿನ ಈ ಬುದ್ಧಿ ಯಾರದ್ದು, ನನಗೆ ತಿಳೀಬೇಕು.”

ಹೆದರಿಕೆ ಈಗ ಬಂತು. ಆದರೂ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೇರ ನಿಂತಳು. ಆಗಲೇ ಸಾಹುಕಾರರ ಹೆಗಲಿನ ಆಚೆ, ಕೆರೆ ಏರಿಯ ಮೇಲೆ, ಯಾರೋ ಪಂಚೆ ಎತ್ತಿ ಕಟ್ಟಿ ಲೈನು ಮನೆಗಳ ದಿಕ್ಕಿಗೆ ಓಡುತ್ತಿದ್ದುದು ಕಂಡಿತು. ಟವಲು ಬೀಸುತ್ತಿದ್ದ, ಏನೋ ಕೂಗುತ್ತಿದ್ದ. ಮಂಚ ಹೋದ ಎನ್ನುವುದನ್ನಷ್ಟೇ ಕೇಳಿ, ಬದುಕಿದ್ದಾನೆ ಎನ್ನುವುದನ್ನು ಕೇಳದೆ ಹೊರಟವನು. ಅವನು ಹೋಗುತ್ತಿದ್ದ ಕಡೆ, ತೆರೆದ ಬಾಗಿಲಲ್ಲಿ, ಕೆಂಪಾಜಮ್ಮ ಒಬ್ಬಳೇ ಕೂತಿದ್ದಳು.

“ಬತ್ತೀನಿ ಬುದ್ಧಿ,” ಎಂದಳು ಚಿಕ್ಕಬೀರಮ್ಮ. ಕಣ್ಣು ಏರಿಯ ಮೇಲಿತ್ತು. ಓಡಬೇಕೆನಿಸಿತು. ಓಡಿದರೆ ಕಂಡವರು ಸಾವು ನಿಜವೆಂದೇ ತಿಳಿದಾರು. ಅವಳು ನಡೆದಳು, ಹಲ್ಲು ಕಚ್ಚಿ, ನೆಲ ಸವರುವ ಹಾಗೆ ಬಿರಬಿರನೆ. ಉತ್ತರಕ್ಕೆ ಕಾಯುತ್ತ ನಿಂತ ಸಾಹುಕಾರರ ಕಡೆ ಮುಖವನ್ನಷ್ಟೇ ಅರ್ಧ ತಿರುಗಿಸಿ, “ನಾಳೀಕ್ ಬಂದು ಎಲ್ಲಾನೂ ಯೋಳ್ತೀನಿ, ಈ ಬುದ್ಧಿ ಬ್ಯಾರೆ ಯಾರ್ದೂ ಅಲ್ಲ, ನಮ್ಮ ಮೊರದೋರು ಎಲ್ರೂ ಸೇರ್ಕಂಡು ಆ ಬಾವಿ ತಾವ ಮಾಡಿದ್ದು,” ಎನ್ನುತ್ತ ಕೆಂಪಾಜಮ್ಮನ ಬಾಗಿಲ ಕಡೆಗೆ ಏರಿ ಹತ್ತಿದಳು.