ಕೌದಿ ಹೊದ್ದು ಹೇಳುವ ಬೆಳಕಿನ ಪಾಠ

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಕಲಬುರಗಿಯ ಗಾಜಿಪುರದ ಒಂದೇ ಖೋಲಿಯ ಮನೆಯಲ್ಲಿ ಮಾಯಾ ಗೋಡೆಗೆ ಬೆನ್ನು ಕೊಟ್ಟು ಕುಳಿತು ತಲೆ ಮುಚ್ಚುವಂತೆ ಕೌದಿ ಎಳೆದುಕೊಳ್ಳುತ್ತಾರೆ. ಚಳಿಗೆ ಅಂದುಕೊಳ್ಳಬೇಡಿ. ಕೌದಿಯೊಳಗೆ ಮೊಬೈಲ್ ಇದೆ, ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಇದೆ. ಹೀಗೆ ಕೂತರೆ ಪಕ್ಕದ ಮನೆಯ ನೀರಿನ ಮೋಟಾರು, ನಾಯಿಗಳ ಜಗಳ, ಹಾಲಿನ ಗಾಡಿಯ ಸದ್ದು ಯಾವುದೂ ಪಾಠದೊಳಗೆ ನುಗ್ಗುವುದಿಲ್ಲ.

"ಮಕ್ಕಳೇ, ಒಂದು ಗ್ಲಾಸಿನ್ಯಾಗ ನೀರು ತುಂಬ್ರಿ. ಅದರಾಗ ಪೆನ್ಸಿಲ್ ಇಡ್ರಿ. ಡೊಂಕ ಕಾಣ್ಲಾಕತ್ತದಲ್ಲ? ಪೆನ್ಸಿಲ್ ಮುರಿದಿಲ್ಲ, ಹೆದರಬ್ಯಾಡ್ರಿ…"

"ಆಕಾಶವಾಣಿ ಸುರು ಆಯ್ತು ನೋಡು," ಎಂದು ಒಲೆಯ ಕಡೆಯಿಂದ ತಾಯಿ ಮಾನಮ್ಮನ ದನಿ ಬರುತ್ತದೆ. "ಚಾ ಕೌದಿ ಒಳಗೇ ಕೊಡ್ಲೇನ?"

"ಯವ್ವಾ, ಸುಮ್ಕಿರಬೇ! ಮತ್ತ ಮೊದಲಿಂದ ಹೇಳಬೇಕಾಯ್ತು." ಅಂದಿನ ಪಾಠದ ಮೂರನೇ ರೆಕಾರ್ಡಿಂಗ್ ಅದು. ಅಮ್ಮ ನಗುತ್ತಾರೆ, ಮಗಳು ಮತ್ತೆ ಗ್ಲಾಸಿಗೆ ನೀರು ತುಂಬಿಸುತ್ತಾರೆ.

ಮಾಯಾ ಕಮಲಾಪುರದ ಅಂಚಿನಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆಯ ಅತಿಥಿ ಶಿಕ್ಷಕಿ. ವಯಸ್ಸು ಮೂವತ್ತೊಂದು, ಶಾಲೆಯಲ್ಲಿ ಇದು ಆರನೇ ವರ್ಷ. ಅಂದರೆ ಆರು ಸಲ ನೇಮಕ, ಐದು ಸಲ ಬಿಡುಗಡೆ. ಐವಾನ್-ಎ-ಶಾಹಿ ಕಡೆಯ ಮನೆಗಳಲ್ಲಿ ಭಾಂಡೆ ತಿಕ್ಕಿ ಮಾನಮ್ಮ ಮಗಳನ್ನು ಬಿ.ಎಸ್ಸಿ., ಬಿ.ಇಡಿ. ಮಾಡಿಸಿದ್ದಾರೆ. ಆರೂವರೆಯ ಬಸ್ಸು ತಪ್ಪಿದರೆ ಪ್ರಾರ್ಥನೆ ತಪ್ಪುತ್ತದೆ, ಅದಕ್ಕೇ ರೊಟ್ಟಿ ಬುತ್ತಿ ಆರಕ್ಕೇ ತಯಾರಿರುತ್ತದೆ.

ಪಾಠ ಇಷ್ಟು ಬೇಗ ಏಕೆ? ಕಾರಣ ಮಕ್ಕಳಲ್ಲ, ಫೋನು. ತರಗತಿಯಲ್ಲಿ ನಲವತ್ತೊಂದು ಮಕ್ಕಳಿದ್ದಾರೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಇಪ್ಪತ್ತಾರು ನಂಬರ್. ಆ ಇಪ್ಪತ್ತಾರೂ ಅಪ್ಪಂದಿರವು, ಅಣ್ಣಂದಿರವು. ಏಳು ಗಂಟೆಗೆ ಫೋನು ಅವರ ಜೇಬಿನಲ್ಲಿ ಹೊಲಕ್ಕೋ ಕೆಲಸಕ್ಕೋ ಹೋಗಿಬಿಡುತ್ತದೆ. ಐದರಿಂದ ಏಳರವರೆಗೆ ಮಾತ್ರ ಅದು ಮನೆಯಲ್ಲಿ, ಮಕ್ಕಳ ಕೈಗೆ ಎಟಕುವಂತೆ ಇರುತ್ತದೆ. ಅಷ್ಟರಲ್ಲಿ ನಾಲ್ಕು ನಿಮಿಷದ ಪಾಠ ಹೋಗಬೇಕು, ಮಕ್ಕಳು ಕೇಳಬೇಕು, ಮನೆಯಲ್ಲೇ ಪ್ರಯೋಗ ಮಾಡಿ ನೋಡಬೇಕು. ಶಾಲೆಗೆ ಬಂದಾಗ ಪ್ರಶ್ನೆ ತರಬೇಕು. ನೀಲಿ ಗೆರೆ ಎರಡು ಮೂಡಿದವೆಂದರೆ ಮಾಯಾ ಅವರ ಮೊದಲ ಹಾಜರಿ ಆದಂತೆ. ಕಳೆದ ವರ್ಷ ಅವರ ವಿಷಯದಲ್ಲಿ ಫೇಲಾದವರು ಇಬ್ಬರೇ. ಅದಕ್ಕೂ ಹಿಂದೆ ಹದಿನಾಲ್ಕು.

ಐದೂ ಇಪ್ಪತ್ತಕ್ಕೆ ಗುಂಪಿನ ಪಾಠ ಹೋಗುತ್ತದೆ. ಆದರೆ ಮಾಯಾ ಕೌದಿಯಿಂದ ಹೊರಗೆ ಬರುವುದಿಲ್ಲ. ಇನ್ನೊಂದು ನಂಬರ್ ಒತ್ತುತ್ತಾರೆ. ಅದು ಬಟನ್ ಫೋನು, ಅದಕ್ಕೆ ವಾಟ್ಸ್ಆ್ಯಪ್ ಇಲ್ಲ. ಹಾಗಾಗಿ ಅದೇ ಪಾಠವನ್ನು ಬಾಯಲ್ಲೇ ಮತ್ತೊಮ್ಮೆ ಹೇಳುತ್ತಾರೆ, ಒಬ್ಬಳೇ ಒಬ್ಬಳಿಗೆ.

ಆ ಒಬ್ಬಳನ್ನು ಇಲ್ಲಿ ರೇವತಿ ಎನ್ನೋಣ. ಆಕೆಯ ಮತ್ತು ಮನೆಯವರ ನಿಜ ಹೆಸರು ಬರೆಯಬಾರದು, ಫೋಟೊ ಹಾಕಬಾರದು ಎನ್ನುವುದು ಮಾಯಾ ಅವರ ಷರತ್ತು. ರೇವತಿಯ ಮನೆ ಮಹಾಗಾಂವ ಸೀಮೆಯ ಒಂದು ಹಳ್ಳಿಯಲ್ಲಿದೆ. ಅಪ್ಪ ಸಿದ್ದಣ್ಣ ಟೆಂಪೊ ಓಡಿಸುತ್ತಾನೆ, ಅಜ್ಜಿ ಮಹಾದೇವಮ್ಮ ಇದ್ದಾರೆ, ತಾಯಿ ಇಲ್ಲ. ಹುಡುಗಿಗೆ ಲೆಕ್ಕ, ವಿಜ್ಞಾನ ಎರಡೂ ನೀರು ಕುಡಿದಷ್ಟು ಸಲೀಸು.

"ನಾ ಹೇಳಿದ್ರ ಹತ್ತು ಮಂದಿಗಿ ತಿಳೀತದ. ರೇವತಿ ಹೇಳಿದ್ರ ನಲವತ್ತೂ ಮಂದಿಗಿ ತಿಳೀತದ," ಎನ್ನುತ್ತಾರೆ ಮಾಯಾ. "ಅದಕ್ಕೇ ಬೋರ್ಡಿಗಿ ಕರೀತಿದ್ದೆ. ಕನ್ನಡಿ ಮ್ಯಾಲ ಬಿದ್ದ ಕಿರಣ ಹ್ಯಾಂಗ ವಾಪಸ್ ಬರ್ತದ ಅಂತ ಆಕಿ ಹೇಳಾದು ವಿಡಿಯೊ ಮಾಡಿದೆ. ಒಂದೂವರಿ ನಿಮಿಷರೀ. ಗ್ರೂಪಿಗಿ ಹಾಕ್ದೆ. ಅಷ್ಟೇ ಮಾಡಿದ್ದು."

ಅದು ಸೆಪ್ಟೆಂಬರ್. ವಿಡಿಯೊ ನೋಡಿದ ಸಿದ್ದಣ್ಣನ ಎದೆ ಉಬ್ಬಿತು. ಮಗಳು ಮೇಡಂ ಹಾಗೆ ಪಾಠ ಹೇಳುತ್ತಿದ್ದಾಳೆ! ಆತ ಅದನ್ನು ತನ್ನ ಸ್ಟೇಟಸ್‌ಗೆ ಇಟ್ಟ. ಟೆಂಪೊ ಹತ್ತುವವರು, ಅಡತಿ ದಲ್ಲಾಳಿಗಳು, ಬಾಡಿಗೆಗೆ ಕರೆಯುವವರು, ಹೀಗೆ ಆತನ ನಂಬರ್ ಇದ್ದ ನಾಲ್ಕುನೂರು ಮಂದಿಗೆ ಮಗಳು ಕಂಡಳು. ಅವರಲ್ಲಿ ಯಾರೋ ಒಬ್ಬರು ಅದನ್ನು ಎತ್ತಿಕೊಂಡು, ಕಿರಣದ ಮಾತು ಅಳಿಸಿ ಸಿನಿಮಾ ಹಾಡು ಅಂಟಿಸಿ ರೀಲ್ಸ್ ಮಾಡಿದರು. ಮೂರನೇ ದಿನಕ್ಕೆ ಅದು ಸಿದ್ದಣ್ಣನ ಫೋನಿಗೇ ವಾಪಸ್ ಬಂತು. ಕೆಳಗಿದ್ದ ಕಮೆಂಟುಗಳನ್ನು ಬರೆಯುವ ಹಾಗಿಲ್ಲ.

ನಾಲ್ಕನೇ ದಿನದಿಂದ ರೇವತಿ ಶಾಲೆಗೆ ಬರಲಿಲ್ಲ. ಸಿದ್ದಣ್ಣ ದೊಡ್ಡ ಫೋನು ಮಾರಿ ಬಟನ್ ಫೋನು ತಂದ. ಭಾನುವಾರ ಮಾಯಾ ರೇವತಿಯ ಮನೆಗೆ ಹೋದರೆ ಅಂಗಳದಲ್ಲೇ ಮಾತು.

"ಮೇಡಂರೀ, ನಿಮ್ಮ ತಪ್ಪ ಅಂತ ನಾ ಅನ್ನಂಗಿಲ್ಲ. ಸ್ಟೇಟಸ್ ಇಟ್ಟಾಂವ ನಾನೇ," ಎಂದ ಸಿದ್ದಣ್ಣ. "ಈಗ ಟೆಂಪೊದಾಗ ಕೂತವ್ರು ನನ್ನ ನೋಡಿ ನಗ್ತಾರ. ನನ್ನ ಮಗಳ ಮುಖಾ ಮಾರಿ ಎಲ್ಲ ಅವ್ರ ಕಿಸೇದಾಗ ಅದರೀ."

"ಠಾಣೇಕ ಹೋಗೂನು ನಡೀರಿ, ನಾನೂ ಬರ್ತೀನಿ."

"ಅಲ್ಲಿ ಮತ್ತ ನಾಲ್ಕು ಮಂದಿ ನೋಡ್ತಾರ. ಬ್ಯಾಡ್ರಿ."

ಮಾಯಾ ಆ ರೀಲ್ಸ್ ವಿರುದ್ಧ ಈವರೆಗೆ ಇಪ್ಪತ್ತಮೂರು ಸಲ ದೂರು ಒತ್ತಿದ್ದಾರೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಮೂಡುತ್ತದೆ. ಈಗ ಅವರ ಗುಂಪಿನಲ್ಲಿ ಮಕ್ಕಳ ಮುಖವಿಲ್ಲ, ಕೈ ಮತ್ತು ಸೀಮೆಸುಣ್ಣ ಮಾತ್ರ. "ಇದು ನಂಗ ಮೊದಲೇ ತಿಳೀಬೇಕಿತ್ತು. ನನ್ನ ವಿದ್ಯಾ ನನಗೇ ಕಲಿಸಲಿಲ್ಲ ನೋಡ್ರಿ," ಎನ್ನುತ್ತಾರೆ.

ಮಾಯಾ ಐದು ಸಲ ಹೋಗಿ ಬಂದ ಮೇಲೆ ಮಹಾದೇವಮ್ಮ ಒಂದಕ್ಕೆ ಒಪ್ಪಿದರು. ದಿನಾ ಫೋನಿನಲ್ಲಿ ಪಾಠ ಹೇಳಲಿ, ಆದರೆ ಫೋನು ತನ್ನ ಕೈಯಲ್ಲೇ ಇರಬೇಕು, ಸ್ಪೀಕರ್ ಹಾಕಿರಬೇಕು. ಹಾಗಾಗಿ ಹೆಬ್ಬೆಟ್ಟಿನ ಅಜ್ಜಿಯೂ ಮೂರು ತಿಂಗಳಿಂದ ಹತ್ತನೇ ತರಗತಿಯ ವಿಜ್ಞಾನ ಕೇಳುತ್ತಿದ್ದಾರೆ. ಒಂದು ದಿನ ಕರೆ ಕಡಿದುಹೋದಾಗ ಅವರೇ ವಾಪಸ್ ಮಾಡಿದರು. "ಏ ಮೇಡಂ, ಪೆನ್ಸಿಲ್ ಡೊಂಕ ಯಾಕ ಕಾಣ್ತದಂತ ಹೇಳ್ದೇ ಇಟ್ಟಿಯಲ್ಲ! ಈಗ ನಾ ರೊಟ್ಟಿ ಹ್ಯಾಂಗ ಬಡೀಲಿ?"

ಆದರೆ ಫೋನಿನ ಪಾಠಕ್ಕೆ ಹಾಜರಿ ಇಲ್ಲ. ಮುಖ್ಯೋಪಾಧ್ಯಾಯ ಮಹಾದೇವಪ್ಪ ನವೆಂಬರ್‌ನಲ್ಲಿ ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಡಿಸೆಂಬರ್ ಹದಿನೈದರ ಸೋಮವಾರದಿಂದ ಒಂದು ದಿನವೂ ತಪ್ಪದೆ ಬಂದರೆ ಶೇಕಡ ಎಪ್ಪತ್ತೈದು ತುಂಬುತ್ತದೆ. ಒಂದು ದಿನ ತಡವಾದರೂ ಈ ವರ್ಷದ ಪರೀಕ್ಷೆಯಿಲ್ಲ.

"ಮೊದಲಿನ ಹಾಜರಿ ಪುಸ್ತಕ ಇದ್ದಿದ್ರ ನಾನೇ ಕಣ್ಣು ಮುಚ್ಚಿ ಬರೀತಿದ್ದೆ ಮಾಯಾ," ಎಂದರಂತೆ ಅವರು. "ಈಗ ಆ್ಯಪ್ ಅದ. ಹುಡುಗಿ ಬಂದು ಮಾರಿ ತೋರ್ಸಬೇಕು."

"ಆಕಿ ಮಾರಿ ಊರೆಲ್ಲ ನೋಡ್ತಂತ ಸಾಲಿ ಬಿಡಿಸ್ಯಾರ ಸರ್. ಈಗ ಮಾರಿ ತೋರಿಸದಿದ್ರ ಹಾಜರಿ ಇಲ್ಲ ಅಂತೀರಿ," ಎಂದು ಮಾಯಾ ಹೇಳಿದರು. ಮಹಾದೇವಪ್ಪ ಕ್ಯಾಲೆಂಡರ್ ಮಡಚಿಟ್ಟರು.

ಡಿಸೆಂಬರ್‌ನ ಮೊದಲ ಎರಡು ವಾರ ಮುಂಜಾನೆಯ ಕರೆಯಲ್ಲಿ ಪಾಠ ಕಡಿಮೆ, ಬೇಡಿಕೊಳ್ಳುವುದು ಹೆಚ್ಚು. ಸಿದ್ದಣ್ಣ ಒಮ್ಮೆ "ನೋಡೂನ್ರಿ" ಎಂದ. ಆ ಒಂದು ಮಾತು ಹಿಡಿದುಕೊಂಡು ಮಾಯಾ ಸೋಮವಾರ ಪ್ರಾರ್ಥನೆ ಬಿಟ್ಟು ಶಾಲೆಯ ಗೇಟಿನಲ್ಲೇ ನಿಂತರು. ಮಹಾಗಾಂವ ಕಡೆಯ ಬಸ್ಸು ಬಂತು. ಮಹಾದೇವಮ್ಮ ಒಬ್ಬರೇ ಇಳಿದರು. ಬಗಲಲ್ಲಿ ಹಳೆ ಸೀರೆಯ ಗಂಟು.

"ಸರ್ಕಾರದ ಪುಸ್ತಕ ಅವ. ವಾಪಸ್ ತಗೊ ಯವ್ವಾ."

"ಸಿದ್ದಣ್ಣ ಏನಂದ್ರು ಆಯಿ?"

"ಅವ ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ನಸುಕಿನ್ಯಾಗೇ ಟೆಂಪೊ ತಗೊಂಡು ಹೋಗ್ಯಾನ. ಹುಡುಗಿ ಜಡಿ ಹಾಕ್ಕೊಂಡು ತಯಾರಾಗಿ ಕುಂತಿತ್ತು. ನಾ ಹ್ಯಾಂಗ ಕರ್ಕೊಂಡು ಬರ್ಲಿ? ನಾಳಿ ಅವನ ಮನ್ಯಾಗೇ ಇರಬೇಕಲ್ಲ ಇಬ್ರೂ."

ಮಾಯಾ ಗಂಟನ್ನು ಮುಟ್ಟಲಿಲ್ಲ. "ಮುಂದಿನ ವರ್ಷ ಪ್ರೈವೇಟ್ ಪರೀಕ್ಷಾ ಕಟ್ಟಿಸ್ತೀನಿ. ಇವು ಮನ್ಯಾಗೇ ಇರ್ಲಿ."

"ಮುಂದಿನ ವರ್ಷದ ತನಕ ಆಕಿ ನಮ್ಮ ಮನ್ಯಾಗ ಇರ್ತಾಳಂತ ಯಾರು ಹೇಳ್ಯಾರವ್ವಾ ನಿಂಗ?"

ಹೆಣ್ಣು ನೋಡಲು ಬರುವವರ ಸುದ್ದಿ ಅಜ್ಜಿಯ ಮಾತಿನ ನಡುವೆ ಒಂದೆರಡು ಸಲ ಇಣುಕಿದೆ. ಹುಡುಗಿಗಿನ್ನೂ ಹದಿನೈದು ಎಂದು ಮಾಯಾ ಆಗ ಗಟ್ಟಿ ದನಿಯಲ್ಲಿ ನೆನಪಿಸಿದ್ದಾರೆ, ಕಾನೂನಿನ ಮಾತೂ ಆಡಿದ್ದಾರೆ. ಜೋರು ಮಾಡಿದರೆ ಇರುವ ಒಂದು ಬಟನ್ ಫೋನೂ ಆರಿಹೋದೀತು ಎನ್ನುವ ಭಯವೂ ಅವರಿಗಿದೆ. ಅವರದೇ ನೌಕರಿ ಮಾರ್ಚ್‌ಗೆ ಮುಗಿಯುತ್ತದೆ. ಜೂನ್‌ನಲ್ಲಿ ಯಾವ ಶಾಲೆಯೋ, ಇದೆಯೋ ಇಲ್ಲವೋ.

ಆ ಸೋಮವಾರದ ನಂತರ ನಾಲ್ಕು ಮುಂಜಾನೆ ಫೋನು ಬರೀ ರಿಂಗಾಯಿತು. ಐದನೇ ದಿನ ಅಜ್ಜಿ ಎತ್ತಿದರು. "ಹೇಳವ್ವಾ, ಕುಂತಾಳ." ಮಾಯಾ ವಿದ್ಯುತ್ ಪಾಠ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಪುಟ ಮಗುಚಿದ ಸದ್ದು ಬಂತು. ಜನವರಿಯ ಈ ಚಳಿಯಲ್ಲೂ ಕರೆ ನಡೆದಿದೆ. ಹುಡುಗಿ ಈಗ ಆಗೊಮ್ಮೆ ಈಗೊಮ್ಮೆ "ಹೂಂ ಟೀಚರ್" ಎನ್ನುತ್ತಾಳೆ. ಏಳಕ್ಕೆ ತೊಗರಿ ರಾಶಿಗೆ ಹೋಗುತ್ತಾಳೆ.

ಮಾರ್ಚ್‌ನಲ್ಲಿ ನಲವತ್ತು ಮಕ್ಕಳು ಪರೀಕ್ಷೆಗೆ ಕೂರುತ್ತಾರೆ. ಎಲ್ಲರೂ ಪಾಸಾಗುತ್ತಾರೆ ಎಂದು ಮಾಯಾ ಹೇಳುವಾಗ ದನಿಯಲ್ಲಿ ಸಡಗರವಿಲ್ಲ. ನಿಮಗೇನು ಬೇಕು ಎಂದು ಕೇಳಿದರೆ ಬಸ್ಸಿನ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಲೇ ಉತ್ತರಿಸುತ್ತಾರೆ.

"ನಂಗೇನೂ ಬ್ಯಾಡ್ರಿ. ಮುಂದಿನ ವರ್ಷ ಆಕಿ ಹಾಲ್ ಟಿಕೆಟ್ ಹಿಡ್ಕೊಂಡು ಪರೀಕ್ಷಾಕ ಹೋಗಾದು ದೂರ ನಿಂತು ನೋಡಬೇಕು. ಅವತ್ತು ಫೋನು ಮನ್ಯಾಗೇ ಇಟ್ಟು ಹೋಗ್ತೀನಿ."