ಮೂರನೇ ಊರಿನ ಅಂಪೈರ್

ಕಳೆದ ವರ್ಷದ ಚಳಿಗಾಲದಲ್ಲಿ, ನೆರೆಹೊರೆಯ ಎರಡು ಹೊರದೇಶಗಳು ಸೇರಿ ನಡೆಸುವ ವೃತ್ತಿಪರ ಕ್ರಿಕೆಟ್ ಲೀಗ್‌ನ ಸೆಮಿಫೈನಲ್‌ನಲ್ಲಿ, ನಮ್ಮ ಪಿ.ಟಿ. ಮೇಡಂ ಒಬ್ಬ ಬ್ಯಾಟರ್‌ಗೆ ಮೊದಲು ನಾಟೌಟ್ ಎಂದರು. ನಿಮಿಷದೊಳಗೆ ಔಟ್ ಎಂದರು. ಮೇಲೆದ್ದ ಆ ಬೆರಳನ್ನು ತಿಪಟೂರಿನಲ್ಲಿ ಮೊಬೈಲ್ ಹಿಡಿದು ಕೂತವರೆಲ್ಲ ಗುರುತಿಸಿದರು. ಬಲಗೈಯ ತೋರುಬೆರಳು, ತುದಿಗೆಣ್ಣಿನಿಂದಾಚೆ ಎಡಕ್ಕೆ ವಾಲಿದ್ದು. ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಮುರಿದದ್ದು ನೆಟ್ಟಗೆ ಕೂಡಿರಲಿಲ್ಲ.

ಅವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಟ್ಟಿಯವರು. ಮನೆಯಲ್ಲಿ ಕುರಿ ಸಾಕುತ್ತಿದ್ದರು. ತಿಪಟೂರಿನಲ್ಲಿ ನಾನು ಓದುತ್ತಿದ್ದ ಸರ್ಕಾರಿ ಹೈಸ್ಕೂಲಿಗೆ ದೈಹಿಕ ಶಿಕ್ಷಕಿಯಾಗಿ ಬಂದರು. ಅಂಪೈರ್ ಆದದ್ದು ನಮ್ಮವರ ಜಗಳದ ದೆಸೆಯಿಂದ. ತಿಪಟೂರು, ತುರುವೇಕೆರೆ ತಂಡಗಳ ನಡುವೆ ಪಂದ್ಯವಿದ್ದರೆ ಒಬ್ಬರ ಅಂಪೈರನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಮೂರನೇ ತಾಲ್ಲೂಕಿನವರನ್ನು ಕರೆಸುವುದು ರೂಢಿ. ಮೇಡಂ ಮೊದಲ ಸಲ ಮೈದಾನಕ್ಕಿಳಿದಾಗ ತುರುವೇಕೆರೆಯ ಕ್ಯಾಪ್ಟನ್ ತಕರಾರು ತೆಗೆದ.

"ಸಂಬಳ ತಿಪಟೂರಲ್ಲಿ ತಗಂತೀರಲ್ಲಾ ಮೇಡಂ?"

"ಸಂಬಳ ಸರ್ಕಾರದ್ದು ಕಣಪ್ಪ. ಹುಟ್ಟಿದ್ದು ಹಟ್ಟಿಲಿ. ಹೋಗಿ ಫೀಲ್ಡಿಂಗ್ ಹಾಕು."

ಪಂದ್ಯದ ದಿನ ಅವರು ಬುತ್ತಿ ತರುತ್ತಿದ್ದರು, ನೀರೂ ಮನೆಯದೇ. ಸುತ್ತ ತೆಂಗಿನ ತೋಟವಿರುವ ಮೈದಾನದಲ್ಲಿ, ಕೆತ್ತಿ ಕೈಗೆ ಕೊಟ್ಟ ಎಳನೀರನ್ನು ಬೇಡ ಎನ್ನುವುದು ನಮ್ಮ ಕಡೆ ಸಣ್ಣ ಅವಮಾನವಲ್ಲ. ಮೇಡಂ ನಗುತ್ತಲೇ ಬೇಡ ಎನ್ನುತ್ತಿದ್ದರು. "ಈಗ ಕುಡುದ್ರೆ ನಿಮ್ಮೂರೋಳಾಗೋಯ್ತೀನಿ. ಮ್ಯಾಚ್ ಮುಗೀಲಿ." ಪಂದ್ಯ ಮುಗಿದ ಮೇಲೆ ಸೋತ ತಂಡ ಎಳನೀರು ಕೊಡುತ್ತಿರಲಿಲ್ಲ. ಗೆದ್ದವರು ಕೊಟ್ಟರೆ ಇವರು ಕುಡಿಯುತ್ತಿರಲಿಲ್ಲ.

ಆಮೇಲೆ ಅಂಪೈರಿಂಗ್ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದರು. ಆ ಹೊರದೇಶದ ಲೀಗ್‌ನಲ್ಲಿ ಒಂದು ಒಪ್ಪಂದವಿತ್ತು: ಇಬ್ಬರು ಅಂಪೈರ್‌ಗಳಲ್ಲಿ ಒಬ್ಬರು ಪಂದ್ಯ ನಡೆಯುವ ದೇಶದವರು, ಇನ್ನೊಬ್ಬರು ಎರಡೂ ದೇಶಗಳಿಗೆ ಸೇರದವರು. ಹಾಗೆ ಕರೆ ಬಂತು. ಹೊರಡುವ ಮುನ್ನ ಹೇಳಿದರು: "ಅಲ್ಲೂ ತಿಪಟೂರು, ತುರುವೇಕೆರೆನೇ ಕಣಪ್ಪ. ಪಾಸ್‌ಪೋರ್ಟ್ ಒಂದು ಜಾಸ್ತಿ."

ಸೆಮಿಫೈನಲ್‌ನ ಕೊನೆಯ ಓವರ್. ಆತಿಥೇಯ ತಂಡಕ್ಕೆ ಗೆಲ್ಲಲು ಒಂದು ಬೌಂಡರಿ ಸಾಕು. ಉಳಿದದ್ದು ಒಂದೇ ವಿಕೆಟ್. ಆಡುತ್ತಿದ್ದವನು ಅದೇ ನಗರದ ಹುಡುಗ. ಅವನು ಹೊಡೆದ ಚೆಂಡನ್ನು ಮಿಡ್‌ವಿಕೆಟ್‌ನಲ್ಲಿ ಫೀಲ್ಡರ್ ಮುಂದಕ್ಕೆ ಹಾರಿ ನೆಲದ ಮಟ್ಟದಲ್ಲಿ ಹಿಡಿದ. ಆ ಕ್ಷಣಕ್ಕೆ ಬೌಲರ್ ಮೇಡಂಗೆ ಅಡ್ಡ ಬಂದಿದ್ದ. ಆ ಲೀಗ್‌ನಲ್ಲಿ ಟಿ.ವಿ. ಅಂಪೈರ್ ಇರಲಿಲ್ಲ. ಸ್ಕ್ವೇರ್ ಲೆಗ್‌ನಲ್ಲಿದ್ದ ಆತಿಥೇಯ ದೇಶದ ಅಂಪೈರನ್ನು ಮೊದಲು ಕೇಳಬೇಕಿತ್ತು. ಆ ಗದ್ದಲದಲ್ಲಿ ಮೇಡಂ ಕೇಳದೆ ತಲೆಯಾಡಿಸಿ ನಾಟೌಟ್ ಎಂದುಬಿಟ್ಟರು.

ಇಡೀ ಸ್ಟೇಡಿಯಂ ಎದ್ದು ಕುಣಿಯಿತು. ಸ್ಕ್ವೇರ್ ಲೆಗ್ ಅಂಪೈರ್ ಮಾತ್ರ ಕದಲದೆ ಇವರನ್ನೇ ನೋಡುತ್ತ ನಿಂತಿದ್ದರು. ಮೇಡಂ ಅವರ ಬಳಿಗೆ ನಡೆದರು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ಒಂದೆರಡು ಮಾತಾಡಿದರು. ಮೇಡಂ ಹಿಂದಿರುಗಿ ಬಂದು ಬೆರಳೆತ್ತಿದರು.

ಪಂದ್ಯ ಮುಗಿಯಿತು. ಮೊದಲು ಬಾಟಲಿಗಳು ಬಂದವು, ಆಮೇಲೆ ಕುರ್ಚಿಗಳು. ಅಂಪೈರ್‌ಗಳ ಕೋಣೆಯ ಕಿಟಕಿ ಒಡೆಯಿತು. ಪೊಲೀಸರು ಇಬ್ಬರನ್ನೂ ಆಂಬುಲೆನ್ಸ್‌ನಲ್ಲಿ ಮಲಗಿಸಿ ಹೊರಗೆ ಸಾಗಿಸಿದರು. ಯಾರ ಮಾತಿನ ಮೇಲೆ ತೀರ್ಪು ಬದಲಾಯಿತು ಎಂಬುದೊಂದೇ ಎಲ್ಲರ ಪ್ರಶ್ನೆಯಾಗಿತ್ತು. ಆ ಹೊತ್ತಿಗೆ ನಾನು ಓದು ಮುಗಿಸಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಫೋನ್ ಮಾಡಿದೆ.

"ಸ್ಕ್ವೇರ್ ಲೆಗ್‌ನೋರು ಹೇಳಿದ್ರಾ ಮೇಡಂ?"

"ಅವ್ರಿಗೂ ಕಾಣ್ಲಿಲ್ಲಂತೆ. ನಾನೇ ಯೋಚ್ನೆ ಮಾಡಿ ಕೊಟ್ಟೆ. ಹಂಗೇ ಬರ್ಕೊ."

"ಹಂಗ್ ಬರುದ್ರೆ ನಿಮ್ಮನ್ನ ತೆಗೀತಾರೆ."

"ತೆಗೀಲಿ ಬುಡು. ನಂಗೇನು, ವಿಮಾನ ಹತ್ತಿ ಊರಿಗ್ ಬತ್ತೀನಿ."

ಹಾಗೆಯೇ ಬರೆದೆ. ಕಾಣದ ಕ್ಯಾಚಿಗೆ ಔಟ್ ಕೊಟ್ಟರೆಂದು ಲೀಗ್ ಅವರನ್ನು ನಿಷೇಧಿಸಿತು. ಊರಿನಲ್ಲೂ ಬಿಸಿ ತಟ್ಟಿತು. ಮುಂದಿನ ಪಂದ್ಯಕ್ಕೆ ತುರುವೇಕೆರೆಯವರು ಬೇರೆ ಅಂಪೈರ್ ಬೇಕೆಂದರು. ಬಸ್‌ಸ್ಟ್ಯಾಂಡಿನಲ್ಲಿ ಇವರು ಎದುರಾದರೆ ಹುಡುಗರು ಕೇಳಿಸುವಂತೆಯೇ ಆಡಿಕೊಳ್ಳುತ್ತಿದ್ದರು: "ಮೇಡಂಗೆ ಕಣ್ಣು ಬ್ಯಾಡ ಕಣ್ಲಾ, ಕನಸು ಬಿದ್ರೆ ಸಾಕು, ಔಟು!" ಮೇಡಂ ತಮ್ಮ ಬಸ್ ಹತ್ತಿ ಹೊರಡುತ್ತಿದ್ದರು.

ಈ ವರ್ಷ ಆ ಸ್ಕ್ವೇರ್ ಲೆಗ್ ಅಂಪೈರ್ ಕೆಲಸ ಬಿಟ್ಟು, ಕುಟುಂಬದೊಂದಿಗೆ ಬೇರೆ ನಗರಕ್ಕೆ ಹೋದರು. ಅಲ್ಲಿಂದ ಸಂದರ್ಶನವೊಂದರಲ್ಲಿ ನಡೆದದ್ದನ್ನು ಹೇಳಿದರು. ಚೆಂಡು ನೆಲಕ್ಕೆ ತಾಗದೆ ಕೈ ಸೇರಿದ್ದನ್ನು ಅವರು ಕಂಡಿದ್ದರು. ಅದನ್ನು ಮೇಡಂಗೆ ಹೇಳಿದವರೂ ಅವರೇ. "ನನ್ನ ಮಕ್ಕಳು ಇದೇ ಊರಿನ ಶಾಲೆಗೆ ಹೋಗುತ್ತಾರೆ, ನನ್ನ ಹೆಸರು ತರಬೇಡಿ" ಎಂದು ಮೈದಾನದಲ್ಲೇ ಮೇಡಂ ಅವರನ್ನು ಕೇಳಿಕೊಂಡಿದ್ದೆ ಎಂದೂ ಹೇಳಿದರು.

ಸುದ್ದಿ ಹೇಳಲು ಶಾಲೆಗೆ ಹೋದೆ. ಮೇಡಂ ಖೋ ಖೋ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡು ಕೈ ಒರೆಸಿಕೊಂಡರು.

"ಅವ್ರ ಮನೆತಾವ ಯಾರಾದ್ರೂ ಗಲಾಟೆಗೆ ಹೋದ್ರಾ?"

"ಇಲ್ಲ ಮೇಡಂ. ವಿಚಾರಿಸಿದೆ."

"ಮಕ್ಳು?"

"ಹೊಸ ಶಾಲೆಗೆ ಸೇರವ್ರಂತೆ."

"ಸರಿ ಬುಡು," ಎಂದು ಸುಣ್ಣದ ಬಕೆಟ್ ಎತ್ತಿಕೊಂಡರು.

ಸಂದರ್ಶನದ ಬಗ್ಗೆ ಲೀಗ್ ಪ್ರತಿಕ್ರಿಯಿಸಿಲ್ಲ. ಹೊಸ ಋತುವಿಗೆ ಬೇರೊಂದು ದೇಶದ ಅಂಪೈರನ್ನು ನೇಮಿಸಿಕೊಂಡಿದೆ. ಮೇಡಂ ಮೇಲಿನ ನಿಷೇಧ ಜಾರಿಯಲ್ಲಿದೆ.