ಒಂದು ಪ್ಲೇಟ್ ಬಜ್ಜಿ, ಇಬ್ಬರು ಬೀಗರು

"ಸಾರ್, ಆ ಚಿತ್ರ ಇಳಿಸಿಬಿಡಿ. ಇಲ್ಲಾಂದ್ರೆ ಇವತ್ತು ಮನೇಲಿ ನನಗೆ ಊಟ ಇಲ್ಲ."

ಕಳೆದ ಭಾನುವಾರ ಶಿವಮೊಗ್ಗದಲ್ಲಿ ನನ್ನ ಚಿತ್ರಪ್ರದರ್ಶನಕ್ಕೆ ಬಂದ ಮೊದಲ ವಿಮರ್ಶಕರು ಹೇಳಿದ್ದಿಷ್ಟು. ನನಗೋ ಒಳಗೊಳಗೇ ಖುಷಿ. ನನ್ನ ಕುಂಚಕ್ಕೆ ಇಷ್ಟೊಂದು ಪವರ್ ಇದೆಯೇ?

ನನಗೊಂದು ಹುಚ್ಚು. ಬಸ್‌ಸ್ಟ್ಯಾಂಡು, ಸಂತೆ, ಟೀ ಅಂಗಡಿ, ಎಲ್ಲೇ ಹೋದರೂ ಜನರಿಗೆ ತಿಳಿಯದಂತೆ ಮೊಬೈಲಿನಲ್ಲಿ ಕ್ಲಿಕ್. ಮನೆಗೆ ಬಂದು ಅದನ್ನು ನೋಡಿಕೊಂಡು ಬಣ್ಣ ಹಚ್ಚುವುದು. (ಹೇಳಿ ತೆಗೆದರೆ ಎಲ್ಲರೂ ಪಾಸ್‌ಪೋರ್ಟ್ ಫೋಟೋ ಆಗಿಬಿಡುತ್ತಾರೆ.) ಹಾಗೆ ಸಿಕ್ಕಿದ್ದೇ ಶಿವಮೊಗ್ಗ-ಭದ್ರಾವತಿ ದಾರಿಯ ಮಲವಗೊಪ್ಪದ ಬಜ್ಜಿ ಅಂಗಡಿಯ ಈ ಚಿತ್ರ. ಇಬ್ಬರು ಹಿರಿಯರು, ಒಂದೇ ಪ್ಲೇಟ್ ಮೆಣಸಿನಕಾಯಿ ಬಜ್ಜಿ, ಬಾಯಿ ತುಂಬಿಕೊಂಡೇ ಬಿದ್ದು ಬಿದ್ದು ನಗುತ್ತಿದ್ದಾರೆ.

ಬಂದವರು ಅವರಲ್ಲೊಬ್ಬರು, ಶಿವಮೊಗ್ಗದ ರುದ್ರಪ್ಪನವರು. ಚಿತ್ರವನ್ನು ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರಂತೆ. ಇನ್ನೊಬ್ಬರು ಅವರ ಬೀಗರು, ಭದ್ರಾವತಿಯ ಬಸವರಾಜಪ್ಪ. ಮಕ್ಕಳ ಮದುವೆಯ ಊಟದಲ್ಲಿ ಹೋಳಿಗೆಗೆ ತುಪ್ಪ ಸರಿಯಾಗಿ ಬಡಿಸಲಿಲ್ಲವೆಂದು ಜಗಳ ಶುರುವಾಯಿತು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ, ಕತೆಯಿಲ್ಲ.

"ಮತ್ತೆ ಈ ಬಜ್ಜಿ?" ಎಂದೆ.

"ಅವ್ರು ಒಳ್ಳೇ ಮನುಷ್ಯ ಮಾರಾಯ್ರೆ. ಇಬ್ರಿಗೂ ನಡುದಾರಿ ಆಗುತ್ತೆ ಅಂತ ವಾರಕ್ಕೊಂದ್ಸಲ ಅಲ್ಲಿ ಸಿಗ್ತೀವಿ. ನಮ್ಮನೆಯವಳಿಗೆ ಗೊತ್ತಾದ್ರೆ ಅದೂ ಬಂದ್. ಇಳಿಸಕ್ಕಾಗಲ್ಲ ಅಂದ್ರೆ ಒಂದು ದಪ್ಪ ಮೀಸೆನಾದ್ರೂ ಬರೀರಿ."

ಮೀಸೆ ಬರೆದರೆ ಆ ನಗುವೇ ಮುಚ್ಚಿಹೋಗುತ್ತದೆ. ಆದರೆ ಅವರ ಮುಖ ನೋಡಿ ಪಾಪ ಎನಿಸಿತು. ಕಲೆ ದೊಡ್ಡದೋ, ಬೀಗರ ಬಜ್ಜಿ ದೊಡ್ಡದೋ? ಇಳಿಸಲೆಂದು ಚಿತ್ರಕ್ಕೆ ಕೈ ಹಾಕಿದೆ.

"ಸತ್ತೆ, ನಮ್ಮನೆಯವಳು" ಎಂದವರೇ ರುದ್ರಪ್ಪನವರು ಕರ್ಟನ್ ಹಿಂದೆ ನುಗ್ಗಿದರು. (ಚಪ್ಪಲಿ ಕಾಣುತ್ತಿತ್ತು.)

ಅವರ ಹೆಂಡತಿ ಇನ್ನೊಬ್ಬ ಹೆಂಗಸಿನ ಕೈ ಹಿಡಿದುಕೊಂಡು, ಹರಟುತ್ತಾ ಒಳಗೆ ಬಂದರು. ಇಬ್ಬರೂ ನೇರವಾಗಿ ಆ ಚಿತ್ರದ ಮುಂದೆಯೇ ನಿಂತರು.

"ಅಯ್ಯೋ, ಇವ್ರು ನಮ್ಮನೆಯವ್ರು" ಎಂದರು ರುದ್ರಪ್ಪನವರ ಹೆಂಡತಿ.

"ಪಕ್ಕದಲ್ಲಿರೋರು ನಮ್ಮವ್ರಲ್ವ ಗಿರಿಜಕ್ಕ" ಎಂದರು ಜೊತೆಗಿದ್ದವರು. ಸಾಕ್ಷಾತ್ ಭದ್ರಾವತಿಯ ಬೀಗಿತ್ತಿ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದರು.

"ಅಂದ್ರೆ ಇವ್ರೂ ನಮ್ಮ ಥರಾನೇ ಕದ್ದುಮುಚ್ಚಿ ಸಿಗ್ತಾರೆ ಅಂತಾಯ್ತು" ಎಂದರು ಗಿರಿಜಕ್ಕ.

ರುದ್ರಪ್ಪನವರು ಮೆಲ್ಲಗೆ ಹೊರಬಂದರು. "ನೀನೂನಾ?"

"ನೀವು ಬೈತೀರ ಅಂತ ಹೇಳಿರ್ಲಿಲ್ಲ."

ಹಾಗಾದರೆ ಇಷ್ಟು ವರ್ಷ ಮಾತು ಬಿಟ್ಟಿದ್ದವರು ಯಾರು ಸ್ವಾಮಿ?